ಹಿಮನದಿ ಮೇಲೆ ನಡೆಯಲು ಹೊರಟಿದ್ದೀರಾ? ನಮ್ಮ ಮಲೆನಾಡಿನ ಕಾಲಿಗೆ ಮೊದಲು ಇದನ್ನು ಕಲಿಸಿ

ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರಿಗೆ ಜಾರುವ ಜಾಗದಲ್ಲಿ ನಡೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಾಚಿ ಕಟ್ಟಿದ ಕಲ್ಲು, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಕೆಸರಾದ ಧರೆ, ಎಲ್ಲಾದರೂ ಸರಿ, ನಮ್ಮ ಕಾಲು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಹೆಬ್ಬೆರಳು ಊರಬೇಕು, ಮೈ ಹಗುರ ಮಾಡಿಕೊಳ್ಳಬೇಕು, ಪಾದದ ಅಂಚಿನಲ್ಲಿ ಹಿಡಿತ ಸಿಕ್ಕ ಮೇಲೆ ಮೆಲ್ಲಗೆ ಭಾರ ಬಿಡಬೇಕು. ತೀರ್ಥಹಳ್ಳಿ ಕಡೆಯ ನಾನು ಇದೇ ಅಭ್ಯಾಸ ಇಟ್ಟುಕೊಂಡು ಐಸ್‌ಲ್ಯಾಂಡಿನ ಹಿಮನದಿ ಹತ್ತಿದೆ. ಮೊದಲ ಹತ್ತು ನಿಮಿಷದಲ್ಲೇ ಎರಡು ಸಲ ಜಾರಿದೆ. ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಹೆಜ್ಜೆ ಹಗುರ ಆದಷ್ಟೂ ಜಾರುತ್ತೀರಿ, ಪೂರ್ತಿ ಪಾದ ಊರಿ ಧಪ್ ಅಂತ ಇಟ್ಟರೆ ನಿಲ್ಲುತ್ತೀರಿ.

ಈಗ ನಮ್ಮ ಊರುಗಳಿಂದ ಯುರೋಪಿಗೆ, ಕೆನಡಾಕ್ಕೆ ಹೋದ ಮಕ್ಕಳು ಜಾಸ್ತಿ. ಅಪ್ಪ ಅಮ್ಮ ನೋಡಲು ಹೋದಾಗ ಮಕ್ಕಳು ಪ್ರೀತಿಯಿಂದ ಒಂದು ಗ್ಲೇಸಿಯರ್ ಹೈಕ್ ಬುಕ್ ಮಾಡಿರುತ್ತಾರೆ, ಹೊರಡುವ ವಾರ ನನಗೆ ಫೋನ್ ಬರುತ್ತದೆ, "ಏನು ಹಾಕ್ಕೊಂಡು ಹೋಗ್ಬೇಕು, ನಂಗೆ ಆಗುತ್ತಾ?" ಅಂತ. ಆಗುತ್ತದೆ. ಆದರೆ ಹೊರಡುವ ವಾರ ಕೇಳುವ ಬದಲು ಮೂರು ತಿಂಗಳು ಮೊದಲೇ ಕೇಳಿದರೆ ಇನ್ನೂ ಚೆನ್ನಾಗಿ ಆಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಹಿಮನದಿ ಅಂದರೆ ಹೆಪ್ಪುಗಟ್ಟಿದ ನದಿ ಅಲ್ಲ. ಲಡಾಖಿನ ಚಾದರ್ ಟ್ರೆಕ್ ಇದೆಯಲ್ಲ, ಅದು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಜಂಸ್ಕಾರ್ ನದಿ. ಹಿಮನದಿಯ ಕಥೆ ಬೇರೆ. ಮೇಲೆ ವರ್ಷಾನುಗಟ್ಟಲೆ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆ ಆಗುತ್ತದೆ, ಆಮೇಲೆ ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ಹರಿಯುತ್ತಲೇ ಇರುತ್ತದೆ. ಹರಿಯುವಾಗ ಮೇಲ್ಭಾಗ ಬಾಗಲಾರದೆ ಸೀಳುತ್ತದೆ. ಆ ಸೀಳುಗಳೇ ಬಿರುಕುಗಳು. ಹತ್ತಾರು ಮೀಟರ್ ಆಳ ಇರುವಂಥವೂ ಇವೆ. ಚಳಿಗಾಲದಲ್ಲಿ ಅದರ ಬಾಯಿಗೆ ಹೊಸ ಹಿಮ ಮುಚ್ಚಿಕೊಂಡರೆ ಮೇಲಿಂದ ಏನೂ ಗೊತ್ತಾಗುವುದಿಲ್ಲ. ಕಾಡಿನಲ್ಲಿ ದರಗು ಮುಚ್ಚಿದ ಹಳೇ ಗುಂಡಿ ಹೇಗೋ ಹಾಗೆ. ಹೋದ ವಾರ ಸರಿ ಇದ್ದ ದಾರಿ ಈ ವಾರ ಇರುವುದಿಲ್ಲ, ಯಾಕೆಂದರೆ ನೆಲವೇ ಸರಿಯುತ್ತಿದೆ. ಗೈಡ್ ಇಲ್ಲದೆ ಹಿಮನದಿಗೆ ಕಾಲಿಡಬೇಡಿ ಅನ್ನುವುದು ಇದಕ್ಕೇ. ಕಾರ್ ಪಾರ್ಕಿಂಗ್‌ನಿಂದ ನೋಡಿದರೆ ಸುಮ್ನೆ ಒಂದು ಕೊಳಕು ಬಿಳಿ ಗುಡ್ಡದ ಹಾಗೆ ಕಾಣುತ್ತದೆ, ನಾಲ್ಕು ಹೆಜ್ಜೆ ಹತ್ತಿ ಫೋಟೋ ತೆಗೆಸಿಕೊಂಡು ಬರೋಣ ಅನ್ನಿಸುತ್ತದೆ. ಆ ನಾಲ್ಕು ಹೆಜ್ಜೆಯೂ ಬೇಡ.

ಎಲ್ಲಿಗೆ ಹೋಗೋದು

ಮೊದಲ ಸಲಕ್ಕೆ ನಾನು ಐಸ್‌ಲ್ಯಾಂಡ್ ಅಂತಲೇ ಹೇಳುತ್ತೇನೆ. ಆ ದೇಶದ ಸುಮಾರು ಹತ್ತನೇ ಒಂದು ಭಾಗ ಮಂಜುಗಡ್ಡೆಯ ಕೆಳಗಿದೆ. ರಾಜಧಾನಿ ರೇಕ್ಯಾವಿಕ್‌ನಿಂದ ಪೂರ್ವಕ್ಕೆ 160 ಕಿಲೋಮೀಟರ್ ಆಸುಪಾಸು, ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ ಹೋದರೆ ಸೋಲ್‌ಹೈಮಾಯೋಕುಲ್ ಅನ್ನುವ ಹಿಮನದಿ ಸಿಗುತ್ತದೆ. ಇದು ಮಿರ್ದಾಲ್ಸ್‌ಯೋಕುಲ್ ಅನ್ನುವ ದೊಡ್ಡ ಹಿಮದ ಹಾಸಿನಿಂದ ಕೆಳಗಿಳಿದ ಒಂದು ನಾಲಿಗೆ. ಆ ಹಾಸಿನ ಅಡಿಯಲ್ಲಿ ಕಟ್ಲಾ ಜ್ವಾಲಾಮುಖಿ ಇದೆ. ಅದು ಕೊನೆಯ ಸಲ ಜೋರಾಗಿ ಸಿಡಿದದ್ದು 1918ರಲ್ಲಿ. ಇನ್ನೂ ಮುಂದೆ ಹೋದರೆ ಸ್ಕಾಫ್ಟಾಫೆಲ್, ಅಲ್ಲಿ ವಟ್ನಾಯೋಕುಲ್ ಹಾಸಿನ ನಾಲಿಗೆಗಳು. ಅಲ್ಲಿ ಇದಕ್ಕಿಂತ ಚೆಂದ, ಜನವೂ ಸ್ವಲ್ಪ ಕಡಿಮೆ, ಆದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ.

ಐಸ್‌ಲ್ಯಾಂಡ್ ಯಾಕೆ ಅಂದರೆ, ಈ ನಾಲಿಗೆಗಳು ಸಮುದ್ರ ಮಟ್ಟಕ್ಕೆ ತುಂಬಾ ಹತ್ತಿರ ಇವೆ. ಎತ್ತರದ ಜಾಗದಲ್ಲಿ ಬರುವ ತಲೆನೋವು, ವಾಂತಿ, ಉಸಿರಾಟದ ಕಷ್ಟ ಇಲ್ಲಿ ಇಲ್ಲ. ನಮ್ಮ ಗಂಗೋತ್ರಿ ಹಿಮನದಿಯ ಬಾಯಿ ಗೋಮುಖ ನೋಡಬೇಕಾದರೆ ಸುಮಾರು 4,000 ಮೀಟರ್ ಎತ್ತರಕ್ಕೆ ಹೋಗಬೇಕು, ಗಂಗೋತ್ರಿಯಿಂದ 18 ಕಿಲೋಮೀಟರ್ ನಡಿಗೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವ ಪರ್ಮಿಟ್ ಬೇರೆ. ಅದು ಬೇರೆಯೇ ಥರದ ಯಾತ್ರೆ, ಹೋಗಲೇಬೇಕಾದದ್ದು, ಆದರೆ ಅಲ್ಲಿ ನೀವು ಮಂಜುಗಡ್ಡೆಯ ಹತ್ತಿರ ಹೋಗಿ ನೋಡಿ ಬರುತ್ತೀರಿ, ಮೇಲೆ ನಡೆಯುವುದಿಲ್ಲ.

ಮಕ್ಕಳು ಕೆನಡಾದಲ್ಲಿದ್ದರೆ ಅಥಬಾಸ್ಕಾ, ನಾರ್ವೆಯಲ್ಲಿದ್ದರೆ ನಿಗಾರ್ಡ್ಸ್‌ಬ್ರೇನ್, ಸ್ವಿಟ್ಜರ್ಲೆಂಡ್ ಆದರೆ ಅಲೆಚ್. ನ್ಯೂಜಿಲೆಂಡಿನ ಫ್ರಾನ್ಜ್ ಜೋಸೆಫ್ ಹಿಮನದಿ ಎಷ್ಟು ಹಿಂದೆ ಸರಿದಿದೆ ಅಂದರೆ 2012ರಿಂದ ಕೆಳಗಿಂದ ನಡೆದು ಹತ್ತುವ ಹಾಗಿಲ್ಲ, ಹೆಲಿಕಾಪ್ಟರ್‌ನಲ್ಲೇ ಮೇಲೆ ಇಳಿಸುತ್ತಾರೆ. ಖರ್ಚು ಅದಕ್ಕೆ ತಕ್ಕ ಹಾಗೆ.

ಬುಕ್ ಮಾಡುವ ಮೊದಲು ಕೇಳಬೇಕಾದ್ದು

ಇಲ್ಲಿ ನನಗೆ ಒಂದು ಸಲ ಮೋಸ ಆಗಿದೆ. ನಮ್ಮ ಪ್ಯಾಕೇಜ್ ಮಾಡಿಕೊಟ್ಟವರು "ಗ್ಲೇಸಿಯರ್ ವಾಕ್ ಸೇರಿದೆ" ಅಂತ ಬರೆದಿದ್ದರು. ಅಲ್ಲಿ ಹೋಗಿ ನೋಡಿದರೆ ಅದು ಹಿಮನದಿಯ ಎದುರಿನ ದಿಬ್ಬದವರೆಗೆ ನಡೆದು ನೋಡಿ ಬರುವುದು ಅಷ್ಟೇ. ನನ್ನ ತಮ್ಮ ಅಲ್ಲೇ ಕೂತು ಮರುದಿನಕ್ಕೆ ಬೇರೆ ಬುಕ್ ಮಾಡಿದ, ದುಡ್ಡು ಎರಡು ಸಲ ಹೋಯಿತು. ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ: ಮಂಜುಗಡ್ಡೆಯ ಮೇಲೆ ಎಷ್ಟು ಹೊತ್ತು? ಕ್ರಾಂಪಾನ್ ಕೊಡುತ್ತೀರಾ? ಕ್ರಾಂಪಾನ್ ಅಂದರೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಹಲ್ಲುಗಳು. ಅದು ಇಲ್ಲ ಅಂದರೆ ನಡಿಗೆಯೂ ಇಲ್ಲ ಅಂತ ಅರ್ಥ. "ಮೂರು ಗಂಟೆ" ಅಂತ ಬರೆದಿದ್ದರೆ ಅದರಲ್ಲಿ ಸಾಮಾನು ಹಂಚುವುದು, ಹೋಗುವುದು ಬರುವುದು ಎಲ್ಲ ಸೇರಿರುತ್ತದೆ, ಮಂಜಿನ ಮೇಲೆ ಒಂದು, ಒಂದೂವರೆ ಗಂಟೆ ಸಿಗುತ್ತದೆ. ಮೊದಲ ಸಲಕ್ಕೆ ಅಷ್ಟು ಸಾಕು.

ಎರಡನೆಯದು, ಒಬ್ಬ ಗೈಡ್‌ಗೆ ಎಷ್ಟು ಜನ. ಹದಿನೈದಕ್ಕಿಂತ ಜಾಸ್ತಿ ಅಂದರೆ ನಾನಂತೂ ಹೋಗುವುದಿಲ್ಲ. ಎಂಟು ಹತ್ತು ಜನ ಇದ್ದರೆ ಗೈಡ್‌ಗೆ ನಿಮ್ಮ ಕಾಲು ನೋಡಲು ಪುರುಸೊತ್ತು ಇರುತ್ತದೆ. ಮೂರನೆಯದು, ಗೈಡ್ ಎಲ್ಲಿ ತರಬೇತಿ ಪಡೆದವರು. ಐಸ್‌ಲ್ಯಾಂಡಿನಲ್ಲಿ ಅಲ್ಲಿನ ಪರ್ವತ ಗೈಡ್‌ಗಳ ಸಂಘ ಹಿಮನದಿ ಗೈಡ್‌ಗಳಿಗೇ ಬೇರೆ ತರಬೇತಿ ಕೊಡುತ್ತದೆ, ಒಳ್ಳೆಯ ಕಂಪನಿಗಳು ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತವೆ. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಬುಕ್ ಮಾಡಬೇಡಿ. ದರ ಸಾಮಾನ್ಯವಾಗಿ ತಲೆಗೆ ನೂರು ಯೂರೋ ಆಸುಪಾಸಿನಿಂದ ಶುರುವಾಗುತ್ತದೆ, ರೇಕ್ಯಾವಿಕ್‌ನಿಂದ ಬಸ್ ಸೇರಿದರೆ ಇನ್ನೂ ಜಾಸ್ತಿ. ಹತ್ತು ಯೂರೋ ಉಳಿಸಲು ಹೋಗಿ ದೊಡ್ಡ ಗುಂಪಿಗೆ ಸೇರಿಕೊಳ್ಳಬೇಡಿ.

ಬೇಸಿಗೆಯಲ್ಲಿ ಹಿಮಗುಹೆ ತೋರಿಸುತ್ತೇವೆ ಅಂತ ಯಾರಾದರೂ ಅಂದರೆ ದಯವಿಟ್ಟು ಎರಡು ಸಲ ಯೋಚಿಸಿ. ಮಂಜಿನ ಗುಹೆ ಗಟ್ಟಿ ಇರುವುದು ಚಳಿಗಾಲದಲ್ಲಿ. 2024ರ ಆಗಸ್ಟ್‌ನಲ್ಲಿ ಐಸ್‌ಲ್ಯಾಂಡಿನದೇ ಬ್ರೇದಾಮೆರ್ಕುರ್‌ಯೋಕುಲ್ ಅನ್ನುವ ಹಿಮನದಿಯಲ್ಲಿ ಹಿಮಗುಹೆ ನೋಡಲು ಹೋದವರ ಮೇಲೆ ಮಂಜುಗಡ್ಡೆ ಕುಸಿದು ಒಬ್ಬ ಪ್ರವಾಸಿ ತೀರಿಹೋದರು. ಅವರ ಜೊತೆ ಗೈಡ್ ಇದ್ದರು. ಗೈಡ್ ಇದ್ದಾರೆ ಅಂದ ಮಾತ್ರಕ್ಕೆ ಯಾವ ಕಾಲದಲ್ಲಾದರೂ ಎಲ್ಲಿಗಾದರೂ ಹೋಗಬಹುದು ಅಂತಲ್ಲ.

ಇನ್ನೊಂದು, ಹೈಕ್ ಅನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ. ಗಾಳಿ ಜಾಸ್ತಿ ಆದರೆ ರದ್ದು ಮಾಡುತ್ತಾರೆ. ಆಗುಂಬೆಯ ಮಳೆ ನೋಡಿದವರು ನಾವು, ಆದರೆ ಅಲ್ಲಿನ ಗಾಳಿ ಬೇರೆ, ಕಾರಿನ ಬಾಗಿಲು ತೆಗೆಯುವಾಗ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳದಿದ್ದರೆ ಬಾಗಿಲೇ ಮುರಿದು ಹೋಗುವಷ್ಟು. ಒಂದು ದಿನ ಆಚೀಚೆ ಮಾಡಲು ಜಾಗ ಇಟ್ಟುಕೊಳ್ಳಿ. ಹೊರಡುವ ಮುಂಚೆ ಅಲ್ಲಿನ ಹವಾಮಾನ ಇಲಾಖೆಯ ಪುಟ, ರಸ್ತೆ ಇಲಾಖೆಯ ಪುಟ, ಪ್ರವಾಸಿಗರ ಸುರಕ್ಷತೆಗೆ ಅಂತಲೇ ಇರುವ ಸೇಫ್‌ಟ್ರಾವೆಲ್ ಪುಟ, ಮೂರನ್ನೂ ನೋಡಿ.

ವೀಸಾ, ವಿಮೆ

ಐಸ್‌ಲ್ಯಾಂಡ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿದೆ. ಪ್ರವಾಸಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಗಳಿಗೆಗೆ ಇಡಬೇಡಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಎಲ್ಲರೂ ಎಡವುವುದು ಇಲ್ಲೇ. ವೀಸಾಕ್ಕೆ ಅಂತ ಮಾಡಿಸುವ ಅಗ್ಗದ ವಿಮೆಗಳಲ್ಲಿ ಬಹಳಷ್ಟು ಸಾಹಸ ಚಟುವಟಿಕೆಗಳನ್ನು ಹೊರಗಿಟ್ಟಿರುತ್ತವೆ. ಪಾಲಿಸಿ ಪತ್ರ ತೆಗೆದು ಹಿಮನದಿ, ಪರ್ವತಾರೋಹಣ ಅನ್ನುವ ಪದಗಳು ಎಲ್ಲಿ ಬರುತ್ತವೆ ನೋಡಿ. "ಗೈಡ್ ಜೊತೆ ಹಿಮನದಿ ನಡಿಗೆಗೆ ವಿಮೆ ಇದೆಯಾ" ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಗಿ, 2023ರಿಂದ ಶಿವಮೊಗ್ಗದಿಂದಲೇ ಬೆಂಗಳೂರಿಗೆ ಹಾರಬಹುದು. ಆದರೆ ಮಳೆಗಾಲದಲ್ಲಿ ವಿದೇಶದ ವಿಮಾನಕ್ಕೆ ಅದೇ ದಿನದ ಲೆಕ್ಕ ಹಾಕಬೇಡಿ, ಹಿಂದಿನ ರಾತ್ರಿಯ ರೈಲಿಗೆ ಹೋಗಿಬಿಡಿ. ಮನಸ್ಸಿಗೆ ನೆಮ್ಮದಿ.

ಮೂರು ತಿಂಗಳ ತಯಾರಿ

ಜಿಮ್ ಬೇಕಿಲ್ಲ, ನಮ್ಮಲ್ಲಿ ಗುಡ್ಡ ಇವೆ. ಮೊದಲ ತಿಂಗಳು ದಿನಾ ನಲವತ್ತೈದು ನಿಮಿಷ ನಡಿಗೆ, ಸಾಧ್ಯ ಆದರೆ ತೋಟದ ಏರಿನಲ್ಲಿ. ಎರಡನೇ ತಿಂಗಳು ವಾರಕ್ಕೊಂದು ಸಲ ಕುಂದಾದ್ರಿ ಅಥವಾ ಕವಲೇದುರ್ಗ. ಕವಲೇದುರ್ಗದ ಕಲ್ಲು ಹಾಸಿದ ದಾರಿ ಹೊಸ ಬೂಟು ಪಳಗಿಸಲು ತುಂಬಾ ಒಳ್ಳೆಯದು, ಏರೂ ಇದೆ, ಇಳಿಜಾರೂ ಇದೆ, ಪಾದ ಎಲ್ಲಿ ಉಜ್ಜುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮೂರನೇ ತಿಂಗಳು ಒಂದು ಸಲ ಕೊಡಚಾದ್ರಿ, 1,343 ಮೀಟರ್, ಬೆನ್ನಿಗೆ ಐದು ಕೆಜಿ ಅಕ್ಕಿ ಹಾಕಿದ ಚೀಲದ ಜೊತೆ. ಜೀಪಿನಲ್ಲಿ ಅಲ್ಲ, ನಡೆದು. ಹೋಗುವ ಮುಂಚೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಕೊಳ್ಳಿ. ಮಳೆಗಾಲ ಆದರೆ ಇಂಬಳ ಇದ್ದೇ ಇರುತ್ತವೆ, ಅದು ನಿಮಗೆ ಹೇಳಬೇಕಾ.

ಹತ್ತುವುದಕ್ಕಿಂತ ಇಳಿಯುವುದಕ್ಕೆ ಜಾಸ್ತಿ ಗಮನ ಕೊಡಿ. ಕ್ರಾಂಪಾನ್ ಹಾಕಿಕೊಂಡು ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿಯೇ ನಡೆಯಬೇಕು, ತೊಡೆ ಉರಿಯುತ್ತದೆ. ಮನೆಯಲ್ಲಿ ದಿನಾ ಇಪ್ಪತ್ತು ಬಸ್ಕಿ ಹೊಡೆಯಿರಿ, ಅದೇ ಮದ್ದು. ಮಂಡಿ ಆಪರೇಷನ್ ಆದವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರ್ ಹತ್ತಿರವೂ ಕಂಪನಿ ಹತ್ತಿರವೂ ಮೊದಲೇ ಹೇಳಿಬಿಡಿ. ಮಕ್ಕಳಿಗೆ ಕನಿಷ್ಠ ವಯಸ್ಸಿನ ಮಿತಿ ಇರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ. ಯಾಕೆಂದರೆ ಚಿಕ್ಕ ಕಾಲಿಗೆ ಕ್ರಾಂಪಾನ್ ಕೂರುವುದಿಲ್ಲ.

ಬೂಟು, ಬಟ್ಟೆ

ಬೂಟು ಹಿಮ್ಮಡಿ ಗಂಟು ಮುಚ್ಚುವಷ್ಟು ಎತ್ತರ ಇರಬೇಕು, ಅಟ್ಟೆ ಗಟ್ಟಿ ಇರಬೇಕು. ಪರೀಕ್ಷೆ ಸುಲಭ. ಎರಡೂ ಕೈಯಲ್ಲಿ ಹಿಡಿದು ಮಡಚಲು ನೋಡಿ, ಸಲೀಸಾಗಿ ಮಡಚಿದರೆ ಅದು ಓಡುವ ಶೂ, ಕ್ರಾಂಪಾನ್ ಅದರಲ್ಲಿ ನಿಲ್ಲುವುದಿಲ್ಲ. ದಪ್ಪ ಉಣ್ಣೆ ಸಾಕ್ಸ್ ಹಾಕಿಕೊಂಡೇ ಅಂಗಡಿಯಲ್ಲಿ ಅಳತೆ ನೋಡಿ. ಇಷ್ಟು ಖರ್ಚು ಬೇಡ ಅಂದರೆ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಬುಕ್ ಮಾಡುವಾಗಲೇ ಅಳತೆ ಬರೆದುಕೊಡಿ. ಆಗ ಬೂಟು ಪಳಗಿಸುವ ಮಾತೇ ಇಲ್ಲ, ಆದರೆ ಬೊಬ್ಬೆ ಬರುವ ಜಾಗಕ್ಕೆ ಮೊದಲೇ ಟೇಪ್ ಅಂಟಿಸಿಕೊಳ್ಳಿ.

ಬಟ್ಟೆ ವಿಷಯದಲ್ಲಿ ನಮ್ಮ ಹಳಬರು ಹೇಳಿದ್ದೇ ಸರಿ. ಗದ್ದೆ ನೆಟ್ಟಿ ಮಾಡುವಾಗ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ, ಅದು ನೆನೆದರೂ ಮೈ ಬೆಚ್ಚಗೇ ಇಡುತ್ತಿತ್ತು. ಉಣ್ಣೆಯ ಗುಣ ಅದು. ಹತ್ತಿ ಹಾಗಲ್ಲ, ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಂಡು ಚಳಿ ಹಿಡಿಸುತ್ತದೆ. ನಾನು ಮೇಲೆಲ್ಲ ಸರಿಯಾಗಿ ಹಾಕಿಕೊಂಡು ಒಳಗೆ ಮಾತ್ರ ಮಾಮೂಲಿ ಹತ್ತಿ ಬನಿಯನ್ ಹಾಕಿದ್ದೆ. ಹತ್ತುವಾಗ ಬೆವರಿದೆ. ಗೈಡ್ ಒಂದು ಕಡೆ ನಿಲ್ಲಿಸಿ ಐದು ನಿಮಿಷ ವಿವರಿಸಿದರು ನೋಡಿ, ಅಷ್ಟರಲ್ಲಿ ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಿಂಡಿ ಹಾಕಿದ ಹಾಗೆ ಆಯಿತು, ಹಲ್ಲು ಕಟಕಟ ಅನ್ನಲು ಶುರುವಾಯಿತು. ಅದಕ್ಕೇ ಒಳಗೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ನಡುವೆ ಫ್ಲೀಸ್, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಜೀನ್ಸ್ ಬೇಡವೇ ಬೇಡ. ನಮ್ಮ ಊರಿನ ದಪ್ಪ ಪ್ಲಾಸ್ಟಿಕ್ ರೇನ್‌ಕೋಟ್ ಒಳಗೇ ಬೆವರಿಸುತ್ತದೆ, ಗಾಳಿಗೆ ಪಟಪಟ ಬಡಿಯುತ್ತದೆ. ಕೊಡೆಯಂತೂ ಮರೆತುಬಿಡಿ.

ಹೆಂಗಸರಿಗೆ ಒಂದು ಮಾತು. ಸೀರೆ, ದುಪಟ್ಟಾ, ಅಗಲ ಕಾಲಿನ ಪ್ಯಾಂಟು ಯಾವುದೂ ಬೇಡ. ಕ್ರಾಂಪಾನಿನ ಹಲ್ಲು ಬಟ್ಟೆಗೆ ಸಿಕ್ಕಿದರೆ ಮುಗ್ಗರಿಸಿ ಬೀಳುತ್ತೀರಿ. ಪ್ಯಾಂಟಿನ ಕಾಲು ಅಗಲ ಇದ್ದರೆ ಸಾಕ್ಸ್ ಒಳಗೆ ತುರುಕಿ. ಜಡೆ ಕಟ್ಟಿ ಟೋಪಿ ಒಳಗೆ, ಹೆಲ್ಮೆಟ್ ಹಿಡಿಯುವ ಹಾಗೆ ತಗ್ಗಿನಲ್ಲಿ. ಮಂಜಿನ ಮೇಲೆ ಶೌಚಾಲಯ ಇಲ್ಲ, ಮರೆಯೂ ಇಲ್ಲ. ಹೊರಡುವ ಜಾಗದಲ್ಲೇ ಮುಗಿಸಿಕೊಳ್ಳಿ. ಮುಟ್ಟಿನ ದಿನ ಆದರೆ ಅಲ್ಲೇ ಬದಲಿಸಿಕೊಂಡು ಹೋಗಿ, ಬಳಸಿದ್ದನ್ನು ವಾಪಸ್ ತರಲು ಒಂದು ಜಿಪ್ ಚೀಲ ಇರಲಿ.

ಕೈಗವಸು ಚಳಿಗೆ ಮಾತ್ರ ಅಲ್ಲ. ಹಿಮನದಿಯ ಮೇಲ್ಮೈ ಒಡೆದ ಗಾಜಿನ ಹಾಗೆ ಚೂಪು, ಬರಿಗೈ ಊರಿ ಬಿದ್ದರೆ ಕೊಯ್ಯುತ್ತದೆ. ಕಪ್ಪು ಕನ್ನಡಕ ಮೋಡ ಇದ್ದರೂ ಬೇಕು. ಸನ್‌ಸ್ಕ್ರೀನ್ ಮೂಗಿನ ಕೆಳಗೂ ಗಲ್ಲದ ಕೆಳಗೂ ಹಚ್ಚಿ, ಬಿಸಿಲು ಕೆಳಗಿಂದಲೂ ಹೊಡೆಯುತ್ತದೆ. ತಿನ್ನಲು ಚಪಾತಿಗೆ ಶೇಂಗಾ ಚಟ್ನಿಪುಡಿ ಸವರಿ ಸುತ್ತಿಟ್ಟುಕೊಂಡರೆ ಕೈಗವಸು ಹಾಕಿಕೊಂಡೇ ತಿನ್ನಬಹುದು. ಕೋಡುಬಳೆಯೂ ಚೆನ್ನ. ಊರಿಂದ ಹಾಲಿನ ಸಿಹಿ, ತುಪ್ಪ ಎಲ್ಲ ತಗೊಂಡು ಹೋಗಬೇಡಿ, ಅಲ್ಲಿಗೆ ಹಾಲು ಮಾಂಸದ ಪದಾರ್ಥ ತರುವ ಹಾಗಿಲ್ಲ.

ಮಂಜಿನ ಮೇಲೆ

ಹೊರಡುವ ಜಾಗದಲ್ಲಿ ಹೆಲ್ಮೆಟ್, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ), ಐಸ್ ಆಕ್ಸ್ (ಮಂಜು ಕಡಿಯುವ ಕೊಡಲಿ), ಕ್ರಾಂಪಾನ್ ಕೊಡುತ್ತಾರೆ. ಹಗ್ಗ ಕಟ್ಟುವುದಿಲ್ಲ ಅಂದಮೇಲೆ ಹಾರ್ನೆಸ್ ಯಾಕೆ ಅಂತ ನನಗೂ ಅನ್ನಿಸಿತ್ತು. ಯಾರಾದರೂ ಬಿರುಕಿಗೆ ಬಿದ್ದರೆ ಮೇಲೆತ್ತಲು ಹಗ್ಗ ಸಿಕ್ಕಿಸುವುದೇ ಅದಕ್ಕೆ. ಸಡಿಲ ಬಿಡಬೇಡಿ. ಬೇಸಿಗೆಯ ಕೊನೆಯಲ್ಲಿ ಮೇಲಿನ ಹಿಮ ಕರಗಿ ಬರೀ ಮಂಜುಗಡ್ಡೆ ಕಾಣುತ್ತಿರುತ್ತದೆ, ಬಿರುಕುಗಳು ಕಣ್ಣಿಗೆ ಬೀಳುತ್ತವೆ, ಹಾಗಾಗಿ ಸಾಮಾನ್ಯವಾಗಿ ಹಗ್ಗ ಇಲ್ಲದೆ ಸಾಲಾಗಿ ನಡೆಸುತ್ತಾರೆ. ಹಿಮ ಮುಚ್ಚಿದ ಕಾಲದಲ್ಲಿ, ಎತ್ತರದ ಜಾಗದಲ್ಲಿ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡೇ ಹೋಗಬೇಕು. ಯಾವುದು ಅನ್ನುವುದು ಗೈಡ್‌ಗೆ ಬಿಟ್ಟದ್ದು.

ಸೋಲ್‌ಹೈಮಾಯೋಕುಲ್‌ನಲ್ಲಿ ಕಾರ್ ನಿಲ್ಲಿಸಿದ ಮೇಲೆ ಕಪ್ಪು ಜಲ್ಲಿಯ ಮೇಲೆ ನಡೆದು, ಒಂದು ಕೆಸರು ಬಣ್ಣದ ಸರೋವರದ ಪಕ್ಕದಲ್ಲಿ ಹೋಗಬೇಕು. ಆ ಸರೋವರ ಹಳೆಯದಲ್ಲ. ಮಂಜು ಹಿಂದೆ ಸರಿದ ಜಾಗದಲ್ಲಿ ನೀರು ನಿಂತದ್ದು. ಹತ್ತಿರದ ಶಾಲೆಯ ಮಕ್ಕಳು 2010ರಿಂದ ವರ್ಷ ವರ್ಷ ಬಂದು ಹಿಮನದಿ ಎಷ್ಟು ಹಿಂದೆ ಹೋಯಿತು ಅಂತ ಅಳೆಯುತ್ತಾರೆ. ನಮ್ಮ ಗೈಡ್ ದಾರಿ ಮಧ್ಯೆ ನಿಂತು, "2010ರಲ್ಲಿ ನಾವು ನಿಂತಿರುವ ಜಾಗ ಮಂಜಿನ ಅಡಿ ಇತ್ತು" ಅಂದರು. ನಾವು ಮಂಜು ತಲುಪಲು ಇನ್ನೂ ತುಂಬಾ ನಡೆಯಬೇಕಿತ್ತು. ಯಾರೂ ಮಾತಾಡಲಿಲ್ಲ. ಲಿಂಗನಮಕ್ಕಿ ಹಿನ್ನೀರು ಇಳಿದಾಗ ಮೇಲೇಳುವ ಹಳೆ ದಾರಿ, ಮರದ ಬೊಡ್ಡೆ ನೋಡಿದಾಗ ಆಗುತ್ತದಲ್ಲ, ಅಂಥದ್ದೇ ಒಂದು ಸಂಕಟ ಆಯಿತು ನನಗೆ.

ಮಂಜಿನ ಅಂಚಿಗೆ ಬಂದಮೇಲೆ ಕ್ರಾಂಪಾನ್ ಕಟ್ಟಿಕೊಳ್ಳುವುದು. ಇದನ್ನು ಅವಸರದಲ್ಲಿ ಮಾಡಬೇಡಿ. ಬೂಟಿನ ಹಿಮ್ಮಡಿ ಹಿಂದಿನ ಅಚ್ಚಿಗೆ ಸರಿಯಾಗಿ ಕೂತಿದೆಯಾ, ಪಟ್ಟಿಯ ತುದಿ ಜೋತಾಡುತ್ತಿದೆಯಾ ನೋಡಿ. ಬಕಲ್ ಪಾದದ ಹೊರಗಿನ ಬದಿಗೆ ಬರಬೇಕು, ಒಳಗಿನ ಬದಿಗೆ ಬಂದರೆ ಇನ್ನೊಂದು ಕಾಲಿನ ಹಲ್ಲು ಸಿಕ್ಕಿಕೊಳ್ಳುತ್ತದೆ. ಕಟ್ಟಿದ ಮೇಲೆ ಕಾಲು ಎತ್ತಿ ಕೊಡವಿ. ಅಲ್ಲಾಡಿದರೆ ಗೈಡ್ ಕರೆಯಿರಿ, ನಾಚಿಕೆ ಬೇಡ. ಅಡಿಕೆ ಕೊನೆ ಕೊಯ್ಯುವವರು ಮರ ಹತ್ತುವ ಮೊದಲು ಕಾಲಿನ ತಳೆಯನ್ನು ಎರಡು ಸಲ ಎಳೆದು ನೋಡುತ್ತಾರಲ್ಲ, ಎಷ್ಟು ವರ್ಷದ ಅನುಭವ ಇದ್ದರೂ ಸರಿ. ಹಾಗೆ ನೋಡಬೇಕು.

ಈಗ ಹೆಜ್ಜೆ. ಎರಡು ಪಾದದ ನಡುವೆ ಒಂದು ಗೇಣು ಅಂತರ ಇರಲಿ, ಮಾಮೂಲಿಗಿಂತ ಅಗಲ. ಪಾದ ಪೂರ್ತಿ ಸಪಾಟಾಗಿ ಇಡಿ, ಅಡಿಯ ಹಲ್ಲುಗಳೆಲ್ಲ ಒಟ್ಟಿಗೆ ಮಂಜಿಗೆ ಕಚ್ಚಬೇಕು. ಇಡುವಾಗ ಸ್ವಲ್ಪ ಜೋರಾಗಿ, ಅಕ್ಕಿ ಚೀಲ ನೆಲಕ್ಕೆ ಇಳಿಸಿದ ಹಾಗೆ. ಎಳೆಯಬೇಡಿ, ಎತ್ತಿ ಎತ್ತಿ ಇಡಿ. ನಾನು ಜಾರಿದ್ದು ಯಾಕೆ ಗೊತ್ತಾ, ಇಳಿಜಾರು ಕಂಡ ಕೂಡಲೇ ನನ್ನ ಪಾದ ತಾನೇ ಓರೆಯಾಗಿ ಅಂಚಿನಲ್ಲಿ ಹಿಡಿಯಲು ಹೋಯಿತು. ಧರೆಯ ಮಣ್ಣಿನಲ್ಲಿ ಅದು ಸರಿ, ಇಲ್ಲಿ ಅಂಚಿನಲ್ಲಿ ಎರಡೇ ಹಲ್ಲು, ಉಳಿದದ್ದು ಗಾಳಿಯಲ್ಲಿ. ಗೈಡ್ ಬಂದು ನನ್ನ ಬೂಟಿನ ಪಕ್ಕ ತನ್ನ ಬೂಟು ಇಟ್ಟು, ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಸಲ ಒತ್ತಿ ತೋರಿಸಿದರು. "ಕರ್ರ್" ಅಂತ ಒಂದು ಸದ್ದು ಬಂತು. ಆ ಸದ್ದು ಬಂದರೆ ಹೆಜ್ಜೆ ಸರಿ ಅಂತ ಲೆಕ್ಕ. ಆಮೇಲೆ ನಾನು ಕಣ್ಣಿಗಿಂತ ಜಾಸ್ತಿ ಕಿವಿಯನ್ನೇ ನಂಬಿ ನಡೆದೆ. ತಮ್ಮ ಹಿಂದಿನಿಂದ "ಅಕ್ಕಾ, ಈಗ ಸರಿ ಇದೆ, ಹಂಗೇ ಹೋಗು" ಅನ್ನುತ್ತಿದ್ದ.

ಇಳಿಯುವಾಗ ಬೆರಳು ಕೆಳಗಿನ ದಿಕ್ಕಿಗೆ ನೇರ, ಮಂಡಿ ಬಗ್ಗಿಸಿ, ಮೈ ಸ್ವಲ್ಪ ಮುಂದಕ್ಕೆ. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿಯ ಹಲ್ಲು ಮಾತ್ರ ಕಚ್ಚುತ್ತದೆ, ಕೂತುಬಿಡುತ್ತೀರಿ. ಕಡಿದಾದ ಕಡೆ ಗೈಡ್ ಕೊಡಲಿಯಿಂದ ಮೆಟ್ಟಿಲು ಕಡಿದಿರುತ್ತಾರೆ, ಅದರಲ್ಲೇ ಕಾಲಿಡಿ. ಐಸ್ ಆಕ್ಸ್ ಅನ್ನು ಊರುಗೋಲಿನ ಹಾಗೆ ಗುಡ್ಡದ ಮೇಲ್ಬದಿಯ ಕೈಯಲ್ಲಿ ಹಿಡಿಯಿರಿ, ತಲೆಯನ್ನು ಅಂಗೈಯಲ್ಲಿ ಹಿಡಿದು ಚೂಪು ಮೂತಿ ಹಿಂದಕ್ಕೆ. ಹೆಗಲ ಮೇಲೆ ಹಾಕಿಕೊಂಡು ಫೋಟೋಕ್ಕೆ ನಿಲ್ಲುವ ಚಟ ಬೇಡ, ಹಿಂದಿನವರ ಮುಖ ಇದೆ.

ಸಾಲು ಬಿಡಬೇಡಿ. ಇದೊಂದು ಮಾತು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಗೈಡ್ ನಡೆದ ಗೆರೆಯಲ್ಲೇ ನಡೆಯಿರಿ. ಅವರು ಸುತ್ತಿ ಬಳಸಿ ಹೋಗುತ್ತಿದ್ದರೆ ಅದಕ್ಕೆ ಕಾರಣ ಇದೆ, ನೇರ ದಾರಿ ಕಂಡಿತು ಅಂತ ಅಡ್ಡ ಹಾಯಬೇಡಿ. ನಮ್ಮ ಕಾಡಿನಲ್ಲಿ ಮುಂದೆ ಕತ್ತಿ ಹಿಡಿದು ದಾರಿ ಬಿಡಿಸುವವರ ಹಿಂದೆ ಹೇಗೆ ಹೋಗುತ್ತೇವೆ, ಅವರು ನಿಂತರೆ ನಾವು ನಿಲ್ಲುತ್ತೇವೆ, ಯಾಕೆ ಅಂತ ಆಮೇಲೆ ಕೇಳುತ್ತೇವೆ. ಅಷ್ಟೇ ಇಲ್ಲೂ. ಫೋಟೋ ತೆಗೆಯುವಾಗ ಹಿಂದಕ್ಕೆ ಹೆಜ್ಜೆ ಹಾಕಬೇಡಿ. ಫೋನಿಗೆ ಕೊರಳಿನ ದಾರ ಕಟ್ಟಿ ಒಳ ಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಕೆಲವು ಕಡೆ ಮೇಲೆ ಕರಗಿದ ನೀರೆಲ್ಲ ಸುತ್ತಿಕೊಂಡು ಒಂದು ಗುಂಡನೆಯ ಬಾವಿಯೊಳಗೆ ಧುಮುಕುತ್ತಿರುತ್ತದೆ. ಅದನ್ನು ಮುಲಾನ್ ಅನ್ನುತ್ತಾರೆ. ಒಳಗೆ ನೀಲಿ, ಇನ್ನೂ ಒಳಗೆ ಕಡುನೀಲಿ, ಆಮೇಲೆ ಕಪ್ಪು, ಸದ್ದು ಮಾತ್ರ ಕೇಳುತ್ತದೆ. ಅದರ ಅಂಚು ನುಣ್ಣಗೆ ಇಳಿಜಾರಾಗಿರುತ್ತದೆ. ನೋಡಬೇಕು ಅಂದರೆ ಗೈಡ್‌ಗೆ ಹೇಳಿ, ಅವರು ಒಬ್ಬೊಬ್ಬರನ್ನೇ ಹಿಡಿದುಕೊಂಡು ತೋರಿಸುತ್ತಾರೆ. ಆ ನೀಲಿ ಬಣ್ಣ ಯಾಕೆ ಅಂದರೆ, ಒತ್ತಡಕ್ಕೆ ಒಳಗಿನ ಗಾಳಿಯ ಗುಳ್ಳೆಗಳು ಹೋಗಿ ಗಟ್ಟಿಯಾದ ಮಂಜು ಬೆಳಕಿನ ಕೆಂಪನ್ನು ನುಂಗಿಕೊಳ್ಳುತ್ತದೆ, ನೀಲಿ ಉಳಿದು ನಮ್ಮ ಕಣ್ಣಿಗೆ ಬರುತ್ತದೆ.

ಇನ್ನೊಂದು ನೋಡುವಂಥದ್ದು ಕಪ್ಪು ಗೋಪುರಗಳು. ಮಂಜಿನ ಮೇಲೆ ಬೂದಿಯ ಗುಡ್ಡೆ ಅನ್ನಿಸುತ್ತದೆ, ಆದರೆ ಕೊಡಲಿಯಿಂದ ಕೆರೆದರೆ ಒಳಗೆ ಪೂರ್ತಿ ಮಂಜು. ಜ್ವಾಲಾಮುಖಿಯ ಬೂದಿ ದಪ್ಪಗೆ ಮುಚ್ಚಿದ ಕಡೆ ಬಿಸಿಲು ಒಳಗೆ ಇಳಿಯುವುದಿಲ್ಲ, ಸುತ್ತಲಿನದ್ದು ಕರಗುತ್ತದೆ, ಇದು ಉಳಿಯುತ್ತದೆ. ಮೀನು ಮಾರುಕಟ್ಟೆಯಲ್ಲಿ ಐಸ್ ಗಡ್ಡೆಗೆ ಮರದ ಹೊಟ್ಟು ಸುರಿದು ಗೋಣಿ ಮುಚ್ಚಿಡುವುದು ನೋಡಿದ್ದೀರಲ್ಲ, ಅದೇ ಕೆಲಸ. ಆದರೆ ಬೂದಿ ತೆಳ್ಳಗೆ ಬಿದ್ದ ಕಡೆ ಉಲ್ಟಾ, ಕಪ್ಪು ಬಣ್ಣ ಬಿಸಿಲು ಹೀರಿ ಮಂಜು ಬೇಗ ಕರಗುತ್ತದೆ. ಕೆರೆದು ತೋರಿಸಲು ಗೈಡ್‌ಗೆ ಕೇಳಿ, ಖುಷಿಯಿಂದ ತೋರಿಸುತ್ತಾರೆ.

ನೀರಿನ ಬಾಟಲಿ ಖಾಲಿಯಾದರೆ ಚಿಂತೆ ಇಲ್ಲ. ಮಂಜಿನ ಮೇಲೆ ಹರಿಯುವ ಸಣ್ಣ ತೊರೆಯಲ್ಲಿ ಗೈಡ್ ಹೇಳಿದ ಕಡೆ ಕುಡಿಯಬಹುದು. ಅವರ ರೀತಿ ಒಂದಿದೆ. ಐಸ್ ಆಕ್ಸ್ ಅನ್ನು ತೊರೆಗೆ ಅಡ್ಡ ಇಟ್ಟು, ಎರಡೂ ಕೈ ಅದರ ಮೇಲೆ ಊರಿ, ದಂಡ ಹೊಡೆಯುವವರ ಹಾಗೆ ಮೈ ಇಳಿಸಿ, ಬಾಯಿ ನೀರಿಗೆ ಮುಟ್ಟಿಸುವುದು. ನಾನೂ ಮಾಡಿದೆ. ಕೈ ನಡುಗಿತು, ಮೂಗು ಮುಳುಗಿತು, ಆದರೆ ಆ ನೀರಿನ ರುಚಿ ಇವತ್ತಿಗೂ ನೆನಪಿದೆ. ನಮ್ಮ ಗುಡ್ಡದ ಅಬ್ಬಿ ನೀರಿನ ಹಾಗೆ ಹಗುರ, ಹಲ್ಲಿಗೆ ಮಾತ್ರ ಜುಂ ಅನ್ನುವಷ್ಟು ತಣ್ಣಗೆ.

ಹೆದರಿಕೆ ಆದರೆ ತಕ್ಷಣ ಹೇಳಿ. ನಮ್ಮ ಗುಂಪಿನಲ್ಲಿ ಒಬ್ಬರು ಸುಮ್ಮನೆ ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದರು, ಅವರ ಕಾಲು ನಡುಗುವುದನ್ನು ಗೈಡ್ ಗಮನಿಸಿ ದಾರಿಯನ್ನೇ ಬದಲಿಸಿದರು. ಮೇಲಿನ ದಿಬ್ಬಕ್ಕೆ ಹೋಗದೆ ಕೆಳಗಿನ ಬಯಲಿನಲ್ಲೇ ಸುತ್ತಿದೆವು. ಯಾರಿಗೂ ಏನೂ ಕಳೆದುಹೋಗಲಿಲ್ಲ. ಮೊದಲೇ ಹೇಳಿದ್ದರೆ ಪಾಪ ಅವರಿಗೆ ಆ ಅರ್ಧ ಗಂಟೆಯ ಹಿಂಸೆಯೂ ಇರುತ್ತಿರಲಿಲ್ಲ. ಗೈಡ್ ಮಧ್ಯದಲ್ಲೇ "ಇವತ್ತು ಇಲ್ಲಿಗೆ ಸಾಕು" ಅಂದರೂ ವಾದ ಮಾಡಬೇಡಿ. ಅವರು ಆಕಾಶ ನೋಡಿ ಹೇಳುತ್ತಿರುತ್ತಾರೆ.

ವಾಪಸ್ ಜಲ್ಲಿಗೆ ಇಳಿದು ಕ್ರಾಂಪಾನ್ ಬಿಚ್ಚಿದ ಮೇಲೆ ಕಾಲು ವಿಚಿತ್ರ ಹಗುರ ಆಗುತ್ತದೆ, ಆಗಲೇ ಎಡವುವುದು ಜಾಸ್ತಿ, ಕಾರಿನವರೆಗೂ ನೋಡಿಕೊಂಡು ನಡೆಯಿರಿ. ಒದ್ದೆ ಸಾಕ್ಸ್ ಬದಲಿಸಲು ಒಂದು ಜೊತೆ ಕಾರಿನಲ್ಲೇ ಇಟ್ಟಿರಿ. ಅಲ್ಲಿನವರು ಕುರಿ ಮಾಂಸದ ಸೂಪ್ ಕುಡಿಯುತ್ತಾರೆ, ಸಸ್ಯಾಹಾರಿಗಳು ಫ್ಲಾಸ್ಕಿನಲ್ಲಿ ಬಿಸಿನೀರು ತಗೊಂಡು ಹೋಗಿ, ಎರಡು ಚಮಚ ಕಷಾಯ ಪುಡಿ ಹಾಕಿಕೊಂಡರೆ ಜೀವ ಬರುತ್ತದೆ. ನಮ್ಮಮ್ಮ ಮಾಡಿಕೊಟ್ಟ ಪುಡಿ ಅಲ್ಲಿ ನಮ್ಮ ಗೈಡ್‌ಗೂ ಒಂದು ಲೋಟ ಹೋಯಿತು, ಜೀರಿಗೆ ಕೊತ್ತಂಬರಿ ವಾಸನೆ ಹಿಡಿದು ಇದೇನು ಅಂತ ಎರಡು ಸಲ ಕೇಳಿದರು.

ಮರುದಿನ ಮೀನಖಂಡ, ತೊಡೆ ಎರಡೂ ಹಿಡಿದುಕೊಳ್ಳುತ್ತವೆ. ರಾತ್ರಿಯೇ ಬಿಸಿನೀರಿನಲ್ಲಿ ಕಾಲು ಇಟ್ಟು ಕೂರಿ, ಮರುದಿನಕ್ಕೆ ಜಲಪಾತ ಹತ್ತುವ ಕಾರ್ಯಕ್ರಮ ಹಾಕಿಕೊಳ್ಳಬೇಡಿ, ಕಾರಿನಲ್ಲಿ ಕೂತು ನೋಡುವಂಥದ್ದು ಏನಾದರೂ ಇಟ್ಟುಕೊಳ್ಳಿ.